ಹಂಡೆಯ ಹಿಂದೆ ನಡುಗುವ ನಾಯಿ

ಪ್ರಶ್ನೆ: ದೀಪಾವಳಿಯ ಪಟಾಕಿ ಸದ್ದಿಗೆ ನಮ್ಮ ನಾಯಿ ಬಚ್ಚಲಿನ ಹಂಡೆಯ ಹಿಂದೆ ಸೇರಿ ನಡುಗುತ್ತದೆ, ಕಳೆದ ವರ್ಷ ಸರಪಳಿ ಕಿತ್ತುಕೊಂಡು ಅಡಿಕೆ ತೋಟಕ್ಕೆ ಓಡಿತ್ತು. ಏನು ಮಾಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ 40,000ಕ್ಕೂ ಮೇಲಿನದು ಕೇಳುತ್ತದೆ, ಜೊತೆಗೆ ಮುಂದಿನ ಸಿಡಿತ ಯಾವಾಗ, ಎಲ್ಲಿಂದ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಂಡೆಯ ಹಿಂದಿನ ಜಾಗವನ್ನು ಅದೇ ಆರಿಸಿಕೊಂಡಿರುವುದರಿಂದ ಎಳೆದು ತರದೆ, ಅಲ್ಲಿಯೇ ಹಳೆಯ ಕಂಬಳಿ ಹಾಸಿ, ಕಿಟಕಿ ಮುಚ್ಚಿ, ರೇಡಿಯೊ ಹಚ್ಚಿಡಿ. (ಚತುರ್ದಶಿಯ ಎಣ್ಣೆಸ್ನಾನಕ್ಕೆ ಒಲೆ ಉರಿಯುವಾಗ ಮಾತ್ರ ಒಳಕೋಣೆಯೇ ಲೇಸು.) ಅಂಗಳದಲ್ಲಿ ಕಟ್ಟಿಹಾಕಲೇಬೇಡಿ. ಮುದ್ದಿಸಿದರೆ ಭಯ ಹೆಚ್ಚುತ್ತದೆಂಬ ಮಾತನ್ನು ನಂಬದೆ, ಪಕ್ಕದಲ್ಲಿ ಕುಳಿತು ಬೆನ್ನು ಸವರಿ. ಕತ್ತಲಾಗುವ ಮೊದಲೇ ತಿರುಗಾಡಿಸಿ, ಊಟ ಹಾಕಿ. ಮನುಷ್ಯರ ನಿದ್ದೆ ಮಾತ್ರೆ ಖಂಡಿತ ಬೇಡ. ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ಹಬ್ಬಕ್ಕೆ ಮುಂಚೆಯೇ ಅವರ ಸಲಹೆಯಂತೆ ಒಮ್ಮೆ ಕೊಟ್ಟು ನೋಡಿ.