ನೇಪಾಳದ ಹಳ್ಳಿ ಶಾಲೆಗೆ ಹೊರಡುವ ಮುಂಚೆ

ಪ್ರಶ್ನೆ: ನನಗೆ 24 ವರ್ಷ, ಬಿ.ಎಡ್. ಮುಗಿದಿದೆ. ನೇಪಾಳದ ಬೆಟ್ಟದ ಹಳ್ಳಿಯಲ್ಲಿ ಮೂರು ತಿಂಗಳು ಸಂಬಳ ಇಲ್ಲದೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಆಸೆ. ಒಂದು ಏಜೆನ್ಸಿಯವರು ತೊಂಬತ್ತು ಸಾವಿರ ಕೇಳುತ್ತಿದ್ದಾರೆ. ಶಾಲೆ ಯಾವುದು ಅಂತ ಅಲ್ಲಿಗೆ ಹೋದ ಮೇಲೆ ಹೇಳುತ್ತಾರಂತೆ, ಬೇಕಾದರೆ ಅನಾಥಾಲಯಕ್ಕೂ ಕಳಿಸುತ್ತಾರಂತೆ. ವೀಸಾ ಬೇಕಾ? ಯಾವ ತಿಂಗಳು ಒಳ್ಳೆಯದು? ಏನೇನು ತಯಾರಿ ಮಾಡಿಕೊಳ್ಳಲಿ?
– ಓದುಗಿ, ಸಕಲೇಶಪುರ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಶಾಲೆಯ ಹೆಸರು ಹೇಳದವರಿಗೆ ಒಂದು ರೂಪಾಯಿನೂ ಕೊಡಬೇಡಿ. ಊಟಕ್ಕೆ, ಉಳಿಯುವುದಕ್ಕೆ ನೀವು ದುಡ್ಡು ಕೊಡುವುದು ನ್ಯಾಯವೇ, ಆದರೆ ಅದು ನಿಮ್ಮನ್ನು ಇಟ್ಟುಕೊಳ್ಳುವ ಮನೆಯವರ ಕೈಗೆ ಹೋಗಬೇಕು. ಅನಾಥಾಲಯದ ಮಾತು ಬಂದರೆ ಖಂಡಿತ ಬೇಡ ಅನ್ನಿ. ನೇಪಾಳದಲ್ಲಿ ಅಪ್ಪ ಅಮ್ಮ ಬದುಕಿರುವ ಮಕ್ಕಳನ್ನೇ ‘ಓದಿಸುತ್ತೇವೆ’ ಅಂತ ಹಳ್ಳಿಯಿಂದ ಕರೆತಂದು, ಹೊರಗಿನವರ ದುಡ್ಡಿಗಾಗಿ ಇಂಥ ಮನೆಗಳಲ್ಲಿ ಇಟ್ಟಿದ್ದು ಎಷ್ಟೋ ಸಲ ಬಯಲಾಗಿದೆ. ಪ್ರೀತಿ ತೋರಿಸಿ ಮೂರು ತಿಂಗಳಿಗೆ ಎದ್ದು ಬರುವವರ ಸಾಲು ಆ ಮಕ್ಕಳಿಗೆ ಬೇಕಾಗಿಲ್ಲ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇದ್ದರೆ ಸಾಕು, ನಿಮ್ಮ ವಯಸ್ಸಿನವರಿಗೆ ಆಧಾರ್ ಮಾತ್ರ ನಡೆಯುವುದಿಲ್ಲ. ವೀಸಾ ಬೇಡ ಅಂತ ಸುಮ್ನೆ ಹೋಗಿ ತರಗತಿಯಲ್ಲಿ ನಿಲ್ಲಬೇಡಿ. 2015ರ ಸಂವಿಧಾನ ಬಂದ ಮೇಲೆ ಅಲ್ಲಿ ಶಾಲೆಗಳನ್ನು ನೋಡಿಕೊಳ್ಳುವುದು ಸ್ಥಳೀಯ ಪಾಲಿಕೆ, ಹಳ್ಳಿಗಳಲ್ಲಿ ಅದು ನಮ್ಮ ಪಂಚಾಯಿತಿ ಇದ್ದ ಹಾಗೆ. ಹೆಡ್‌ಮಾಸ್ಟರ್ ಕಡೆಯಿಂದ ಕರೆಯ ಪತ್ರ, ಪಾಲಿಕೆಯ ಒಪ್ಪಿಗೆ, ಎರಡೂ ಬರಹದಲ್ಲಿ ಇರಲಿ. ಭಾರತದ 100 ರೂಪಾಯಿಗೆ ಅಲ್ಲಿನ 160 ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. ನೂರರ ನೋಟುಗಳನ್ನೇ ಹೆಚ್ಚಾಗಿ ಒಯ್ಯಿರಿ.

ಯಾವಾಗ? ಅಲ್ಲಿ ಶಾಲೆಯ ವರ್ಷ ಶುರುವಾಗುವುದು ವೈಶಾಖದಲ್ಲಿ, ಅಂದರೆ ನಮ್ಮ ಕರಾವಳಿಯವರ ಬಿಸು ಹಬ್ಬ ಕಳೆದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಇಂಬಳ, ಅಂದರೆ ಜಿಗಣೆ, ನಿಮಗೆ ಹೊಸದಲ್ಲ, ಅಲ್ಲಿ ಅದಕ್ಕೆ ಜುಕಾ ಅನ್ನುತ್ತಾರೆ. ಮಳೆ ಹೋಗುವ ಹೊತ್ತಿಗೆ ದಶೈಂ, ಅದರ ಹಿಂದೆಯೇ ತಿಹಾರ್. ನಮ್ಮ ದಸರಾ ದೀಪಾವಳಿಗಳೇ, ಶಾಲೆಗೆ ಉದ್ದ ರಜೆ. ಹಾಗಾಗಿ ತಿಹಾರ್ ಮುಗಿದ ಮೇಲೆ ಹೋಗುವುದು ಒಳ್ಳೆಯದು ಅಂತ ನನಗನಿಸುತ್ತದೆ. ತೀರಾ ಎತ್ತರದ ಊರಾದರೆ ಚಳಿಗೆ ಶಾಲೆ ಮುಚ್ಚುತ್ತಾರೆ, ಮೊದಲೇ ಕೇಳಿಕೊಳ್ಳಿ. ವಾರದ ರಜೆ ಶನಿವಾರ.

ಇನ್ನು ನಿಜವಾದ ತಯಾರಿ. ನಾನೂ ಇಂಥ ಒಂದು ಹಳ್ಳಿಯಲ್ಲಿ ಐದು ತಿಂಗಳು ಇದ್ದೆ. ಸೂಟ್‌ಕೇಸ್ ತುಂಬ ಇಂಗ್ಲಿಷ್ ಚಿತ್ರದ ಪುಸ್ತಕ ಹೊತ್ತುಕೊಂಡು ಹೋಗಿದ್ದೆ. ಮೊದಲ ವಾರ ನಾನೇ ಮಾತಾಡಿದೆ, ಮಕ್ಕಳು ನಗುತ್ತಾ ಕೂತಿದ್ದರು. ಅರ್ಥ ಆಯ್ತಾ ಅಂತ ನೇಪಾಳಿಯಲ್ಲಿ ‘ಬುಝ್ಯೌ?’ ಅಂತ ಕೇಳಿದರೆ ಎಲ್ಲರೂ ಒಟ್ಟಿಗೆ ‘ಬುಝ್ಯೌಂ’ ಅನ್ನುತ್ತಿದ್ದರು. ಒಂದು ದಿನ ಅಲ್ಲಿಯ ಟೀಚರ್ ಪಕ್ಕಕ್ಕೆ ಕರೆದು ಹೇಳಿದರು, ಈ ಸಣ್ಣ ಮಕ್ಕಳ ಮನೆ ಮಾತು ತಮಾಂಗ್, ಅವರಿಗೆ ನೇಪಾಳಿಯೇ ಇನ್ನೂ ಕಲಿಕೆ ಅಂತ. ನಮ್ಮ ಕಡೆ ಮನೆಯಲ್ಲಿ ತುಳುನೋ ಕೊಂಕಣಿನೋ ಆಡುವ ಮಗು ಕನ್ನಡ ಶಾಲೆಗೆ ಬಂದ ಹಾಗೆ, ಅದರ ಮೇಲೆ ನಾನು ಇಂಗ್ಲಿಷ್ ಸುರಿಯುತ್ತಿದ್ದೆ. ಮಾರನೇ ದಿನದಿಂದ ನಾನು ಆ ಟೀಚರ್ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾಠ ಅವರದೇ, ಓದಲು ಕಷ್ಟಪಡುವ ನಾಲ್ಕೈದು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದಷ್ಟೇ ನನ್ನ ಕೆಲಸ. ನಾನು ಉಪಯೋಗಕ್ಕೆ ಬಂದಿದ್ದು ಆವಾಗ. ನೀವು ಹೋದ ಮೇಲೂ ಆ ಟೀಚರ್ ಅಲ್ಲೇ ಇರುತ್ತಾರೆ, ಅವರನ್ನು ಪಕ್ಕಕ್ಕೆ ಸರಿಸಿ ಪಾಠ ಮಾಡಬೇಡಿ.

ಹೊರಡುವ ಮುಂಚೆ ನಿಮ್ಮೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಅನುಮತಿ ಪಡೆದು, ಎರಡು ಮೂರು ವಾರ ನಲಿಕಲಿ ತರಗತಿಯಲ್ಲಿ ಕೂತು ಬನ್ನಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಗುಂಪು ಮಾಡಿ, ಕಾರ್ಡು ಹಿಡಿದು ಅವರವರ ವೇಗಕ್ಕೆ ಕಲಿಸುವುದನ್ನು ನಮ್ಮ ಟೀಚರ್‌ಗಳು ದಿನಾ ಮಾಡುತ್ತಾರೆ. ಬೆಟ್ಟದ ಸಣ್ಣ ಶಾಲೆಯಲ್ಲಿ ನಿಮಗೆ ಬೇಕಾಗುವುದು ಇದೇ. ಬೀಜ, ಕಡ್ಡಿ, ಕಲ್ಲು ಇಟ್ಟುಕೊಂಡು ಲೆಕ್ಕ ಹೇಳಿಕೊಡುವುದನ್ನು ರೂಢಿ ಮಾಡಿಕೊಳ್ಳಿ. ಪುಸ್ತಕದ ಹೊರೆ ಬೇಡ.

ನೇಪಾಳಿ ಒಂದಿಷ್ಟು ಕಲಿಯಿರಿ. ಲಿಪಿ ದೇವನಾಗರಿ, ಶಾಲೆಯಲ್ಲಿ ಹಿಂದಿ ಓದಿದ್ದರೆ ಅರ್ಧ ದಾರಿ ಕಳೆದ ಹಾಗೆ. ಹಿರಿಯರಿಗೆ ‘ತಪಾಈಂ’, ಮಕ್ಕಳಿಗೆ ‘ತಿಮಿ’, ಇದು ತಪ್ಪಬಾರದು. ದಾರಿಯಲ್ಲಿ ಸಿಕ್ಕವರು ‘ಖಾನಾ ಖಾನುಭಯೋ?’ ಅನ್ನುತ್ತಾರೆ, ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆಯೇ. ಅನ್ನ, ಬೇಳೆ, ಪಲ್ಯ ಬೆಳಿಗ್ಗೆ ಒಂಬತ್ತು ಹತ್ತಕ್ಕೊಮ್ಮೆ, ರಾತ್ರಿ ಇನ್ನೊಮ್ಮೆ. ಢಿಂಡೋ ಅಂತ ಹಿಟ್ಟಿನ ಮುದ್ದೆನೂ ಮಾಡುತ್ತಾರೆ, ಮುದ್ದೆ ತಿಂದು ಬೆಳೆದವರಿಗೆ ಅದೇನೂ ಕಷ್ಟವಿಲ್ಲ. ನೀರು ಕುದಿಸಿಯೇ ಕುಡಿಯಿರಿ. ಟೈಫಾಯಿಡ್, ಧನುರ್ವಾಯು ಲಸಿಕೆ ಬಗ್ಗೆ ಡಾಕ್ಟರನ್ನು ಒಂದು ತಿಂಗಳು ಮುಂಚೆಯೇ ಕೇಳಿ.

ಪ್ರಶ್ನೆ: ನನ್ನ ಮಗಳು ಬೆಟ್ಟದ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಅದೇ ಹುಡುಗಿಯ ತಾಯಿ

ಉತ್ತರ: ಅಮ್ಮ, ನಿಮ್ಮ ಭಯ ಸರಿಯಾದದ್ದೇ. ಅವಳು ಬಾಡಿಗೆ ಕೋಣೆ ಹಿಡಿಯುವುದು ಬೇಡ, ಹೆಂಗಸರು ಇರುವ ಮನೆಯಲ್ಲಿ, ಸಾಧ್ಯವಾದರೆ ಅದೇ ಶಾಲೆಯ ಟೀಚರ್ ಮನೆಯಲ್ಲಿ, ಉಳಿಯಲಿ. ಹೊರಡುವ ಮುಂಚೆ ಆ ಮನೆಯಾಕೆಯ ಜೊತೆ ವಿಡಿಯೋ ಕಾಲ್‌ನಲ್ಲಿ ನೀವೇ ಒಮ್ಮೆ ಮಾತಾಡಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, ಮುಖ ನೋಡಿದರೆ ನಿಮಗೆ ಗೊತ್ತಾಗುತ್ತದೆ. ಅಲ್ಲಿನ ಸಿಮ್ ತೆಗೆದುಕೊಂಡ ದಿನವೇ ಅವಳು ನಿಮಗೆ ನಂಬರ್ ಕೊಡಲಿ. ಮಳೆ ಗಾಳಿಗೆ ಒಂದೆರಡು ದಿನ ಸಿಗ್ನಲ್ ಸಿಗದೆ ಹೋದರೆ ಯಾರಿಗೆ ಫೋನ್ ಮಾಡಬೇಕು ಅಂತ ಇನ್ನೆರಡು ನಂಬರ್ ಬರೆದಿಟ್ಟುಕೊಳ್ಳಿ, ಒಂದು ಹೆಡ್‌ಮಾಸ್ಟರ್‌ದು, ಇನ್ನೊಂದು ಕಾಠ್ಮಂಡುವಿನ ಭಾರತದ ರಾಯಭಾರ ಕಚೇರಿಯದು.