ರಿಯಾಕ್ಟರ್ ಪಕ್ಕ ನ್ಯೂಟ್ರಿನೋ ಹಿಡಿಯೋಕೆ ಡಿಟೆಕ್ಟರನ್ನು ಎಷ್ಟು ತಣ್ಣಗೆ ಮಾಡಬೇಕು?

10 ಮಿಲಿಕೆಲ್ವಿನ್ (ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲೊಂದು ಪಾಲು ಮಾತ್ರ ಮೇಲೆ) ಸಾಕಾ, 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದಾ ಅಂತ ಕೇಳಿದ್ದೀರಿ. ಈ ಕೆಲಸಕ್ಕೆ ಕೈಹಾಕುವವರೆಲ್ಲ ಮೊದಲು ಕೇಳೋದು ಇದನ್ನೇ. ಆದರೆ ಅಷ್ಟು ತಣ್ಣಗಿನ ಫ್ರಿಜ್ ದುಡ್ಡು ಕೊಟ್ಟರೆ ಸಿಗುತ್ತೆ. ನ್ಯೂಟ್ರಿನೋ ಗುದ್ದಿದಾಗ ಚೂರೇ ಚೂರು ಬಿಸಿಯಾಗೋ ಹರಳೇ ಇಲ್ಲಿ ಡಿಟೆಕ್ಟರ್. ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಆ ಹರಳನ್ನು ಹಿಡಿದಿಡುವ ಕ್ಲಾಂಪ್ ಬಗ್ಗೆ.

ಹಾಗೆ ನೋಡಿದರೆ ಸ್ವಿಟ್ಜರ್ಲೆಂಡಿನ ಲೈಬ್‌ಸ್ಟಾಟ್ ಅಣು ವಿದ್ಯುತ್ ಸ್ಥಾವರದಲ್ಲಿ ಕೋನಸ್ ಪ್ಲಸ್ ತಂಡಕ್ಕೆ ಮಿಲಿಕೆಲ್ವಿನ್ ಬೇಕೇ ಆಗಲಿಲ್ಲ. ರಿಯಾಕ್ಟರಿನ ಕೋರ್‌ನಿಂದ 20.7 ಮೀಟರ್ ದೂರದಲ್ಲಿಟ್ಟ ಕಿಲೋ ತೂಕದ ಜರ್ಮೇನಿಯಂ ಡಿಟೆಕ್ಟರುಗಳಲ್ಲಿ 119 ದಿನಕ್ಕೆ ಸುಮಾರು 395 ನ್ಯೂಟ್ರಿನೋ ಘಟನೆ ಸಿಕ್ಕವು. ಆದರೆ ಅವು ಅಳೆಯೋದು ಚಾರ್ಜ್. 4 ಎಂಇವಿ (40 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂದರೆ ಇವಿ) ಶಕ್ತಿಯ ನ್ಯೂಟ್ರಿನೋ ಜರ್ಮೇನಿಯಂ ನ್ಯೂಕ್ಲಿಯಸ್‌ಗೆ ಹೆಚ್ಚೆಂದರೆ 470 ಇವಿ ಕೊಡುತ್ತೆ. ಚಾರ್ಜ್ ಆಗಿ ಕಾಣೋದು ಅದರ ಐದರಲ್ಲೊಂದು ಪಾಲಿಗಿಂತ ಕಡಿಮೆ. ಶಾಖ ಅಳೆದರೆ ಹೆಚ್ಚುಕಮ್ಮಿ ಪೂರ್ತಿ ಸಿಗುತ್ತೆ. ಫ್ರಾನ್ಸಿನ ಶೋ (Chooz) ಸ್ಥಾವರಕ್ಕೆಂದು ‘ನ್ಯೂಕ್ಲಿಯಸ್’ ಅನ್ನೋ ಹೆಸರಿನ ಪ್ರಯೋಗದವರು 5 ಮಿಲಿಮೀಟರಿನ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಹರಳು ಬಳಸಿ 20 ಇವಿವರೆಗೆ ಇಳಿಯಲು ಹೊರಟಿರೋದು ಇದಕ್ಕೇ.

ಎಡವಟ್ಟಾಗೋದು ಅಲ್ಲೇ. ಕೆಲವು ನೂರು ಇವಿ ಕೆಳಗೆ, ರಿಯಾಕ್ಟರ್ ಇಲ್ಲದಿದ್ದರೂ, ಘಟನೆಗಳು ಮಳೆಯ ಹಾಗೆ ಸುರಿಯುತ್ತವೆ. ಸೀಸದ ಗೋಡೆ, ಮ್ಯುವಾನ್ ವೀಟೋ (ಆಕಾಶದಿಂದ ಬರೋ ಮ್ಯುವಾನ್ ಕಣಗಳನ್ನು ಗುರುತಿಸಿ ತಳ್ಳಿಹಾಕೋ ವ್ಯವಸ್ಥೆ) ಯಾವುದಕ್ಕೂ ಅವು ಬಗ್ಗಲ್ಲ. ಒಂದು ಪಾಲು ಹರಳಿನ ಒಳಗಿನ ಬಿಗಿತ ಸಡಿಲವಾಗುವಾಗ ಹುಟ್ಟುತ್ತೆ. ಅಂಟಿಸಿದ ಸಿಲಿಕಾನ್ ತುಣುಕಿಗೆ ಹೋಲಿಸಿದರೆ ವೈರ್‌ಬಾಂಡ್‌ನಲ್ಲಿ (ಕೂದಲಿನಂಥ ಲೋಹದ ತಂತಿ) ತೂಗುಬಿಟ್ಟ ತುಣುಕಿನಲ್ಲಿ ಅವು ಎಷ್ಟೋ ಕಡಿಮೆ ಕಂಡಿವೆ. ಹಾಗಾಗಿ ಅಂಟು ಬೇಡ, ಬಿಗಿ ಸ್ಕ್ರೂನೂ ಬೇಡ. ಹರಳಿನ ಮೇಲೆ ಕೂತು ಶಾಖ ಅಳೆಯೋ ಸೆನ್ಸರ್ ಫಿಲ್ಮ್ ಕೂಡ ಅಪರಾಧಿಯೇ: ಒಂದೇ ಹರಳಿಗೆ ಎರಡು ಸೆನ್ಸರ್ ಹಾಕಿ, ಒಂದರಲ್ಲಿ ಮಾತ್ರ ಕಂಡಿದ್ದನ್ನು ಕಿತ್ತೆಸೆಯಿರಿ. ಫ್ರಿಜ್ಜನ್ನು ತಣಿಸೋ ಪಲ್ಸ್ ಟ್ಯೂಬ್ ಯಂತ್ರದ ಸೆಕೆಂಡಿಗೆ ಒಂದೂವರೆ ಬಾರಿಯ ಬಡಿತ ಬೇರೆ ಇರುತ್ತೆ. ಡಿಟೆಕ್ಟರ್ ಪೆಟ್ಟಿಗೆಯನ್ನು ಸ್ಪ್ರಿಂಗಿಗೆ ನೇತುಹಾಕಿ. ಎನರ್ಜಿ ಸ್ಕೇಲಿಗೆ (ಎಷ್ಟು ದೊಡ್ಡ ಸಿಗ್ನಲ್ ಅಂದರೆ ಎಷ್ಟು ಇವಿ ಅನ್ನೋ ಲೆಕ್ಕಕ್ಕೆ) ಎಕ್ಸ್‌ರೇ ಒಂದನ್ನೇ ನಂಬಬೇಡಿ: ಹರಳಿನಲ್ಲಿರೋ ಟಂಗ್‌ಸ್ಟನ್ ನ್ಯೂಟ್ರಾನ್ ನುಂಗಿ ಗಾಮಾ ಹೊರಬಿಟ್ಟಾಗ 112 ಇವಿ ಹಿನ್ನೊದೆತದ ಪೀಕ್ ಬರುತ್ತೆ, ಅದೂ ನ್ಯೂಟ್ರಿನೋ ಬೀಳೋ ಜಾಗದಲ್ಲೇ.

ತೀರಾ ದುಬಾರಿ ಬೀಳೋ ತಪ್ಪು ಇನ್ನೊಂದಿದೆ. ಈ ಘಟನೆಗಳ ಮಳೆ, ಫ್ರಿಜ್ ತಣಿಸಿದ ಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಯುತ್ತೆ. ಫ್ರಿಜ್ಜನ್ನು ಹತ್ತಾರು ಕೆಲ್ವಿನ್‌ವರೆಗೆ ಬಿಸಿ ಮಾಡಿ ಮತ್ತೆ ತಣಿಸಿದರೆ ತಿರುಗಿ ಏರಬಹುದು. ತಣಿಸಿದ ಕೂಡಲೇ ರಿಯಾಕ್ಟರ್ ಆನ್ ಡೇಟಾ ತೆಗೆದು, ಆಮೇಲೆ ಆಫ್ ಡೇಟಾ ತೆಗೆದು ಕಳೆದರೆ ಸೊಗಸಾದ ಸಿಗ್ನಲ್ ಉಳಿಯುತ್ತೆ, ನ್ಯೂಟ್ರಿನೋ ಒಂದೂ ಇಲ್ಲದೆ. ಆನ್ ಅವಧಿಯ ಹಿಂದೆ ಮುಂದೆ ಎರಡೂ ಕಡೆ ಆಫ್ ಡೇಟಾ ಇರಲೇಬೇಕು. ವಿದ್ಯುತ್ ಸ್ಥಾವರ ಇಂಧನ ಬದಲಿಸಲು ವರ್ಷಕ್ಕೆ ತಿಂಗಳು ನಿಂತರೆ ಹೆಚ್ಚು, ಅಲ್ಲಿ ಇದು ಕಷ್ಟ. ರಿಕೋಶೆ ಪ್ರಯೋಗ ನಡೆಯೋ ಗ್ರೆನೋಬಲ್‌ನ 58 ಮೆಗಾವ್ಯಾಟ್ ಸಂಶೋಧನಾ ರಿಯಾಕ್ಟರ್ ಸೈಕಲ್‌ಗಳಲ್ಲಿ ಓಡುತ್ತೆ, ಆಫ್ ದಿನಗಳು ಧಾರಾಳ. ಆದರೆ 8.8 ಮೀಟರ್ ದೂರದಲ್ಲಿ ರಿಯಾಕ್ಟರಿನ ನ್ಯೂಟ್ರಾನ್‌ಗಳೂ ಅದರ ಜೊತೆಗೇ ಆನ್ ಆಫ್ ಆಗ್ತವೆ, ಅವನ್ನು ತಡೆಯೋ ಪಾಲಿಥಿನ್ ಗೋಡೆಯ ದಪ್ಪದಲ್ಲಿ ಜಿಪುಣತನ ಬೇಡ.