ಡಿಟೆಕ್ಟರ್ ‘ಅಸಲಿ’ ಅಂದ್ರೆ ಅಲ್ಲಿಗೇ ಬಿಟ್ಬಿಡ್ಬೇಡಿ

ನೀವು ಹಾಡೇ ಇಲ್ದಿರೋ ಹಾಡು ನಿಮ್ಮ ವಾಯ್ಸಲ್ಲಿ ಬಂದಿದೆ, ಎಐ ಮಾಡಿದ ನಕಲಿ ದನಿ ಪತ್ತೆ ಹಚ್ಚೋ ಡಿಟೆಕ್ಟರ್‌ಗೆ ಹಾಕಿದ್ರೆ ‘ಅಸಲಿ’ ಅಂತಿದೆ, ಈಗ ಪ್ರೂವ್ ಮಾಡೋದು ಹೇಗೆ ಅಂತ ಕೇಳಿದ್ರಲ್ಲ, ಓದಿ ನಿಜವಾಗ್ಲೂ ಬೇಜಾರಾಯ್ತು. ಆ ರಿಸಲ್ಟ್‌ಗೆ ಹೆದರ್ಬೇಡಿ. ಮಾತಿನ ಆಡಿಯೋ ಮೇಲೆ ಟ್ರೈನ್ ಆಗಿರೋ ಡಿಟೆಕ್ಟರ್‌ಗಳು ಹಾಡಲ್ಲಿ ಎಡವ್ತವೆ, ಯಾಕಂದ್ರೆ ಇಲ್ಲಿ ಸ್ವರ ಎಳೀತೀವಿ, ಹಿಂದೆ ವಾದ್ಯ ಇರುತ್ತೆ, ರಿವರ್ಬ್ (ದನಿ ಗುಂಯ್‌ಗುಡೋ ಎಫೆಕ್ಟ್) ಇರುತ್ತೆ, ಮೇಲಿಂದ ಫೈಲ್ ಚಿಕ್ಕದು ಮಾಡೋಕೆ ಎಂಪಿ3 ಮಾಡಿದಾಗ ನಕಲಿ ಅನ್ನೋ ಸಣ್ಣ ಸುಳಿವುಗಳೂ ಅಳಿಸಿ ಹೋಗ್ತವೆ. ವೋಕಲ್, ಅಂದ್ರೆ ಹಾಡಿದ ದನಿ ಮಾತ್ರ, ವಾದ್ಯದಿಂದ ಬೇರೆ ಮಾಡಿ ಟೆಸ್ಟ್ ಮಾಡ್ಬಹುದು, ಆದ್ರೆ ಬೇರೆ ಮಾಡೋ ಸಾಫ್ಟ್‌ವೇರೇ ತನ್ನ ಗುರುತು ಬಿಡುತ್ತೆ, ಅದೊಂದನ್ನೇ ನಂಬ್ಬೇಡಿ.

ನನ್ ಪ್ರಕಾರ ಮುಖ್ಯವಾದ್ದು ಇದು: ಇಂಥವು ಎಷ್ಟೋ ಸಲ ವಾಯ್ಸ್ ಕನ್ವರ್ಷನ್, ಅಂದ್ರೆ ಬೇರೆ ಯಾರೋ ಹಾಡಿದ್ದಕ್ಕೆ ನಿಮ್ಮ ದನಿಯ ಬಣ್ಣ ಹಚ್ಚಿರ್ತಾರೆ, ಹಾಗಾಗಿ ಉಸಿರು ತಗೊಳ್ಳೋ ಜಾಗ, ಅಕ್ಷರ ಮುಗಿಸೋ ರೀತಿ, ತಾಳಕ್ಕೆ ಮುಂದೆ ಹಿಂದೆ ಆಗೋದು ಎಲ್ಲಾ ಆ ಹಾಡಿದವ್ರದೇ ಉಳ್ಕೊಂಡಿರುತ್ತೆ. ನಿಮ್ಮ ಹಳೇ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ಕೇಳಿ, ವ್ಯತ್ಯಾಸ ಟೈಮ್ ಸಮೇತ ಬರ್ಕೊಳ್ಳಿ. ಲಿಂಕು, ಸ್ಕ್ರೀನ್‌ಶಾಟು, ಅಪ್‌ಲೋಡ್ ಆದ ದಿನ ಇವತ್ತೇ ಸೇವ್ ಮಾಡ್ಕೊಂಡು ಆಮೇಲೆ ರಿಪೋರ್ಟ್ ಮಾಡಿ, ಹಾಕಿದವ್ರು ಡಿಲೀಟ್ ಮಾಡಿದ್ರೆ ಸಾಕ್ಷಿನೇ ಇರಲ್ಲ.